ಗಾದ್ರಪ್ಪನ ಪಿಸ್ತೂಲಿನ ತುಕ್ಕು

ನನ್ನ ಮುತ್ತಾತ ಗಾದ್ರಪ್ಪ ಪುಕ್ಕಲ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ಅವನನ್ನು ಹುಲಿ ಮಾಡಿ ಕೂರಿಸಿದ್ದಾರೆ. ಅವನು ಬಿ.ಜಿ. ಕೆರೆ ಕಡೆ ದೇವರ ಎತ್ತುಗಳನ್ನು ಕಾಯುವ ಕಿಲಾರಿ. ಆ ದನಗಳನ್ನು ಮಾರುವಂತಿಲ್ಲ, ಹೂಡುವಂತಿಲ್ಲ, ಕಾಯಬೇಕು ಅಷ್ಟೆ. ಕಾಯುತ್ತಿದ್ದ, ಇಲ್ಲವೆನ್ನುವುದಿಲ್ಲ. ಆದರೆ ತೋಳ ಊಳಿಟ್ಟರೆ ದನಗಳ ನಡುವೆ ಹೋಗಿ ನಿಲ್ಲುತ್ತಿದ್ದ, ಮುಂದೆ ಅಲ್ಲ.

ಇಂಥವನ ಸೊಂಟದಲ್ಲಿ ಆರು ಗುಂಡಿನ ರಿವಾಲ್ವರು. ಬೇಟೆಗೆ ಬರುತ್ತಿದ್ದ ಒಬ್ಬ ಇಂಗ್ಲಿಷ್ ದೊರೆ ತನ್ನ ಸೀಮೆಗೆ ಹಿಂತಿರುಗುವಾಗ ಒಂದೇ ತರದ ಎರಡು ಹಳೇ ರಿವಾಲ್ವರುಗಳನ್ನು ಬಿಟ್ಟುಹೋಗಿದ್ದ. ಒಂದು ಗಾದ್ರಪ್ಪನಿಗೆ, ಇನ್ನೊಂದು ಅವನ ಹೆಂಡತಿ ಬೋರಕ್ಕನ ತಮ್ಮ, ನನ್ನಿವಾಳದ ಕಿಲಾರಿ ಕ್ಯಾತಪ್ಪನಿಗೆ. ಇಬ್ಬರಿಗೂ ಅವರವರ ಹೆಸರಿನಲ್ಲಿ ಲೈಸೆನ್ಸನ್ನೂ ಮಾಡಿಸಿದ್ದ. ಊರಿನವರ ಬಾಯಲ್ಲಿ ಅದು ಪಿಸ್ತೂಲು.

ಪ್ರತಿ ಮಹಾನವಮಿಗೆ ಬಾವ ಬಾಮೈದ ಇಬ್ಬರೂ ನಡೆದುಕೊಳ್ಳುವ ದೇವರ ಮುಂದೆ ಎಲ್ಲರ ಆಯುಧಗಳನ್ನೂ ಒಂದೇ ರಾಶಿಯಲ್ಲಿಟ್ಟು, ನಿಂಬೆಹುಳಿ ಹಿಂಡಿ, ಕುಂಕುಮ ಮೆತ್ತುತ್ತಿದ್ದರು. ಹಾಗೆ ಮೆತ್ತಿದ್ದನ್ನು ಒರೆಸಬಾರದು. ಪೂಜಾರಿ ಎತ್ತಿ ಕೊಟ್ಟದ್ದನ್ನು ತಲೆ ತಗ್ಗಿಸಿ ಕಣ್ಣಿಗೊತ್ತಿಕೊಂಡು ತರಬೇಕು. ದೇವರಿಗೆ ಸಂತೋಷವಾಯಿತೋ ಏನೋ, ಕಬ್ಬಿಣಕ್ಕಂತೂ ಆಗಲಿಲ್ಲ. ಪಿಸ್ತೂಲಿನ ತುಂಬ ತುಕ್ಕು.

ಸಾವಿರದ ಒಂಬೈನೂರ ಒಂಬತ್ತರಲ್ಲಿ ತಳವಾರ ಹುಕುಂ ಸಾರಿಕೊಂಡು ಬಂದ. ಆಯುಧ ಇರುವವರೆಲ್ಲ ಅವರವರ ತಾಲ್ಲೂಕು ಕಚೇರಿಗೆ ಅದನ್ನು ತಂದು ತೋರಿಸಬೇಕು. ಅದರ ಮೇಲಿನ ನಂಬರು ಕಾಗದದ ನಂಬರಿಗೆ ತಾಳೆ ಆಗಬೇಕು, ಇಲ್ಲದಿದ್ದರೆ ಜೈಲು. ಜೈಲು ಎಂಬ ಮಾತು ಕಿವಿಗೆ ಬಿದ್ದಾಗಿನಿಂದ ಗಾದ್ರಪ್ಪನಿಗೆ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ಈ ತುಕ್ಕು ನೋಡಿದರೆ ಕಿತ್ತುಕೊಳ್ಳುತ್ತಾರೆ, ಉಜ್ಜಿಸಿದರೆ ಏನನ್ನುತ್ತಾರೋ. ಮೂರು ದಿನ ಇದೇ ಗೋಳು.

"ಉಜ್ಜಿಸೋಕೆ ಮುಂಚೆ ಆ ನಂಬರು ಐತೋ ಇಲ್ಲೋ ಯಾರಾದ್ರೂ ಓದಿದೋರ ಕೈಲಿ ನೋಡ್ಸು," ಅಂದಳು ಬೋರಕ್ಕ. ಆ ಮನೆಯಲ್ಲಿ ಬುದ್ಧಿ ಇದ್ದದ್ದು ಅವಳಿಗೇ.

ತಳಕಿನ ಕಮ್ಮಾರ ಯರ್ರಪ್ಪ ಪಿಸ್ತೂಲನ್ನು ತಿರುಗಿಸಿ ನೋಡಿ ನಕ್ಕ.

"ಇದೇನ್ ದೊಡ್ಡದು ಗಾದ್ರಣ್ಣ? ಹೋದ ವಾರ ನಿನ್ ಬಾಮೈದಂದೂ ಇಂಗೇ ಇತ್ತು. ಉಜ್ಜಿ, ಕಾಸಿ, ಎಣ್ಣೆ ಕುಡಿಸಿ ಬಣ್ಣ ಬರ್ಸಿದೆ. ಗೀರು, ಅಂಕಿ, ಗುಳಿ ಎಲ್ಲಾ ಹೋಗಿ ಕನ್ನಡಿ ಆಗೈತೆ."

"ಅಂಕೀನೂ ಹೋತಾ?" ಅಂದ ಗಾದ್ರಪ್ಪ.

ಗಾದ್ರಪ್ಪ ತಳವಾರ ಸಾರಿದ್ದನ್ನು ಹೇಳಿದಾಗ ಯರ್ರಪ್ಪನ ನಗು ನಿಂತಿತು. ನಂಬರಿನ ಹುಕುಂ ಅವನಿಗೆ ಗೊತ್ತೇ ಇರಲಿಲ್ಲ. ಹರಳೆಣ್ಣೆ ಹಚ್ಚಿ ಹಿಡಿಯ ಹತ್ತಿರ ಬಟ್ಟೆಯಿಂದ ಮೆಲ್ಲಗೆ ಒರೆಸಿದ. ಅಂಕಿಗಳು ಎದ್ದವು. ಶಾಲೆಯ ಮೇಷ್ಟ್ರನ್ನು ಕರೆತಂದರು. ಅವರು ಕಾಗದ ನೋಡಿದರು, ಪಿಸ್ತೂಲು ನೋಡಿದರು, ಮತ್ತೆ ಕಾಗದ ನೋಡಿದರು.

"ಇದು ನಿನ್ನದಲ್ಲವಲ್ಲಪ್ಪ. ನಿನ್ನ ಕಾಗದದಲ್ಲಿರೋ ನಂಬರೇ ಬೇರೆ."

ಆಗ ಗಾದ್ರಪ್ಪನಿಗೆ ಹೊಳೆಯಿತು. ಮಹಾನವಮಿಯ ರಾಶಿಯಲ್ಲಿ ಅದಲುಬದಲಾಗಿದೆ. ಕೈಯಲ್ಲಿರುವುದು ಕ್ಯಾತಪ್ಪನದು. ಕ್ಯಾತಪ್ಪ ಕನ್ನಡಿ ಮಾಡಿಸಿಕೊಂಡು ಹೋದದ್ದು ತನ್ನದು. ತನ್ನ ನಂಬರು ಈ ಕುಲುಮೆಯ ಬೂದಿಯಲ್ಲಿ ಸೇರಿಹೋಗಿದೆ.

"ನನ್ ಹೆಸ್ರು ಎತ್ತಬ್ಯಾಡ ಗಾದ್ರಣ್ಣ, ನಿನ್ ಕಾಲಿಗೆ ಬೀಳ್ತೀನಿ," ಎಂದ ಯರ್ರಪ್ಪ.

ಗಾದ್ರಪ್ಪ ಮನೆಗೆ ಬಂದು ಬೋರಕ್ಕನ ಮುಂದೆ ಕುಸಿದು ಕೂತ. ಕಚೇರಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ತಾನು ಉಳಿಯಬಹುದು. ನಂಬರು ಉಜ್ಜಿಸಿದವನು ಕ್ಯಾತಪ್ಪ, ಅದಕ್ಕೆ ಯರ್ರಪ್ಪನೇ ಸಾಕ್ಷಿ, ಜೈಲು ಕ್ಯಾತಪ್ಪನಿಗೆ. ಈ ತುಕ್ಕಿನದನ್ನು ಒಯ್ದು ಕ್ಯಾತಪ್ಪನಿಗೆ ಕೊಟ್ಟರೆ ಅವನ ನಂಬರು ತಾಳೆ ಆಗುತ್ತದೆ. ಆಗ ನಂಬರಿಲ್ಲದ್ದೂ ಜೈಲೂ ತನ್ನ ಪಾಲಿಗೆ.

"ಏನ್ ಮಾಡ್ಲಿ, ಹೇಳು."

ಬೋರಕ್ಕ ಗೋಡೆ ಕಡೆ ತಿರುಗಿದಳು. "ಒಂದ್ ಕಡೆ ನೀನು, ಒಂದ್ ಕಡೆ ನಾನು ಎತ್ತಿ ಆಡಿಸಿದ ತಮ್ಮ. ನನ್ನ ಕೇಳಬ್ಯಾಡ." ಅಳು ತಡೆದುಕೊಂಡಿದ್ದಳು. ಅದನ್ನು ನೋಡುವುದು ಅವನಿಗೆ ಜೈಲಿಗಿಂತ ಕಷ್ಟವಾಯಿತು.

ಬೆಳಿಗ್ಗೆ ಎದ್ದವನೇ ನನ್ನಿವಾಳದ ದಾರಿ ಹಿಡಿದ. ಒಣಹಾಕಿದ ಪಂಚೆ ಕಂಡರೂ ಪೊಲೀಸಿನವನ ಪೇಟ ಎಂದು ಬೆಚ್ಚುತ್ತಿದ್ದ. ಎರಡು ಸಲ ಹಿಂದಕ್ಕೆ ತಿರುಗಿದನಂತೆ, ಎರಡು ಸಲ ಮತ್ತೆ ಮುಂದಕ್ಕೆ. ಕ್ಯಾತಪ್ಪ ಅಂಗಳದಲ್ಲಿ ಕೂತು ಹೊಳೆಯುವ ಪಿಸ್ತೂಲನ್ನು ಯಾರಿಗೋ ತೋರಿಸುತ್ತಿದ್ದ.

"ಲೇ ಕ್ಯಾತ, ಹಬ್ಬದಾಗೆ ಅದಲುಬದಲು ಆಗೈತೆ. ಇದು ನಿಂದು, ಅದು ನಂದು. ಕೊಡು ಇಲ್ಲಿ."

ಕಾರಣ ಹೇಳಿದರೆ ಕ್ಯಾತಪ್ಪ ಬಿಡುವವನಲ್ಲ, ತಾನೇ ಜೈಲಿಗೆ ಹೋಗುತ್ತೇನೆ ಎನ್ನುತ್ತಿದ್ದ. ಆಗ ಗಾದ್ರಪ್ಪನಿಗೆ ಬೇಡ ಎನ್ನುವ ಧೈರ್ಯ ಇರುತ್ತಿರಲಿಲ್ಲ. ಅದಕ್ಕೇ ಬಾಯಿ ಬಿಡಲಿಲ್ಲ.

ಕ್ಯಾತಪ್ಪ ಅವನ ಮುಖವನ್ನೇ ನೋಡಿದ. "ಉಜ್ಜಿಸಿದ್ದು ನಾನು. ಹೊಳೆಯೋದು ನಿಂಗೆ, ತುಕ್ಕು ನಂಗಾ ಬಾವ? ಇಷ್ಟು ಆಸೆಬುರುಕ ಅಂತ ಗೊತ್ತಿರ್ಲಿಲ್ಲ. ತಗಂಡ್ ಹೋಗು," ಎಂದು ಮಣ್ಣಿಗೆ ಎಸೆದ.

ಗಾದ್ರಪ್ಪ ಬಗ್ಗಿ ಎತ್ತಿಕೊಂಡ. ತುಕ್ಕಿನ ಪಿಸ್ತೂಲನ್ನು ಜಗಲಿಯ ಮೇಲಿಟ್ಟು, ನೀರನ್ನೂ ಕುಡಿಯದೆ ಹೊರಟ.

ಮೊಳಕಾಲ್ಮೂರಿನ ಕಚೇರಿಯಲ್ಲಿ ಗುಮಾಸ್ತ ಹಿಡಿಯನ್ನು ನೋಡಿದ, ಕೊಳವೆ ನೋಡಿದ, ಕನ್ನಡಕ ಏರಿಸಿಕೊಂಡು ಮತ್ತೆ ನೋಡಿದ. ಪಕ್ಕದ ಪೊಲೀಸ್ ದಫೇದಾರ ಎದ್ದು ನಿಂತ.

"ನಂಬರು ಎಲ್ಲಯ್ಯಾ? ಉಜ್ಜಿಸಿದೋರು ಯಾರು?"

"ನಾನೇ ಸ್ವಾಮಿ," ಅಂದ ಗಾದ್ರಪ್ಪ. ಅಷ್ಟು ಹೇಳುವಷ್ಟರಲ್ಲಿ ಅವನು ಉಟ್ಟ ಪಂಚೆ ಒದ್ದೆಯಾಗಿತ್ತು.