ಬಗ್ಗಡ ತಿಳಿಯಾಗುವವರೆಗೆ

ಮೊನ್ನೆ ಹಲಸೂರಿನ ಕಟಿಂಗ್ ಶಾಪಿನಲ್ಲಿ ಶೇವ್ ಮಾಡಿಸಿಕೊಂಡೆ. ಕೊನೆಯಲ್ಲಿ ಅಂಗಡಿಯವನು ಪಟಿಕದ ಕಲ್ಲನ್ನು ಒದ್ದೆ ಮಾಡಿ ಕೆನ್ನೆಗೆ ಉಜ್ಜಿದ. ಮೊದಲು ಉರಿ, ಆಮೇಲೆ ತಂಪು... ಕಣ್ಣು ಮುಚ್ಚಿದವನಿಗೆ ಶಿವಾಜಿನಗರದ ನಮ್ಮ ಹಳೆಯ ವಠಾರ ಕಂಡಿತು, ಮೇಲಿನ ಮನೆಯ ಬಾಗಿಲಲ್ಲಿ ಕೂತ ಖಾಲಾ ಕಂಡರು.

ಖಾಲಾ ಅಂದರೆ ಚಿಕ್ಕಮ್ಮ. ನಮಗೆ ರಕ್ತಸಂಬಂಧವೇನೂ ಇರಲಿಲ್ಲ, ಆದರೆ ಇಡೀ ವಠಾರಕ್ಕೆ ಅವರು ಖಾಲಾ. ಮನೆಯಲ್ಲೇ ಬುರ್ಖಾ ಹೊಲಿಯುತ್ತಿದ್ದರು. ರಸ್ತೆ ಅಗೆದಾಗಲೆಲ್ಲ ನಮ್ಮ ನಲ್ಲಿಯಲ್ಲಿ ಕೆಂಪು ಬಗ್ಗಡ ಬರುತ್ತಿತ್ತು. ಖಾಲಾ ಅದನ್ನು ಚೆಲ್ಲುತ್ತಿರಲಿಲ್ಲ. ದೊಡ್ಡ ಪಾತ್ರೆಗೆ ಹಿಡಿದು, ಪಟಿಕವನ್ನು ನೀರಲ್ಲಿ ನಾಲ್ಕು ಸುತ್ತು ತಿರುಗಿಸಿ, ತಟ್ಟೆ ಮುಚ್ಚಿ ಇಡುತ್ತಿದ್ದರು. ಆಮೇಲೆ ಬಗ್ಗಡ ತಳಕ್ಕೆ ಕೂತು ನೀರು ತಿಳಿಯಾಗುವವರೆಗೆ ಅದರ ಹತ್ತಿರ ಯಾರೂ ಸುಳಿಯುವಂತಿರಲಿಲ್ಲ. ಆ ಮನೆಯಲ್ಲಿ ಜಗಳಕ್ಕೂ ಅದೇ ಕಾನೂನು. ಸಿಟ್ಟು ಬಂದವರು ಬಾಯಿ ಮುಚ್ಚಿಕೊಂಡು ದೂರ ಕೂರಬೇಕು, ತಿಳಿಯಾದ ಮೇಲೆ ಮಾತು. ಅವರ ಒಬ್ಬಳೇ ಮಗಳು, ನಾನು ಆಪಾ, ಅಂದರೆ ಅಕ್ಕ, ಅಂತ ಕರೆಯುತ್ತಿದ್ದವಳು, ಬೆಳೆದದ್ದೂ ಹಾಗೆಯೇ.

ನನಗೆ ಆಗ ಇಂಗ್ಲಿಷ್ ಪದಗಳ ಹುಟ್ಟು ಹುಡುಕುವ ಹುಚ್ಚು. ಯಾರೂ ಕಲಿಸಿದ್ದಲ್ಲ, ಫೋನಿನಲ್ಲಿ ನಾನೇ ಕೆದಕಿ ಕಲಿತದ್ದು. ಖಾಲಾ ಮಾತಿಗೊಮ್ಮೆ ‘ಟ್ರಬಲ್’ ಅನ್ನುತ್ತಿದ್ದರು, ಅದನ್ನೂ ಹುಡುಕಿದೆ. ಸಿಕ್ಕಿದ್ದೇ ತಡ, ಮೆಟ್ಟಿಲು ಹಾರಿಕೊಂಡು ಮೇಲೆ ಹೋದೆ.

“ಖಾಲಾ, ಟ್ರಬಲ್ ಅನ್ನೋದು ಇಂಗ್ಲಿಷ್‌ಗೆ ಫ್ರೆಂಚ್‌ನಿಂದ ಬಂದಿದ್ದು. ಅದರ ಹಿಂದೆ ಲ್ಯಾಟಿನ್. ಮೂಲದಲ್ಲಿ ಏನ್ ಗೊತ್ತಾ? ಬಗ್ಗಡ! ಕದಡಿದ್ದು! ಇನ್ನೂ ಹಿಂದಕ್ಕೆ ಹೋದ್ರೆ ಜನರ ಗುಂಪು, ಗಲಾಟೆ.”

ಖಾಲಾ ಸೂಜಿಗೆ ದಾರ ಪೋಣಿಸುತ್ತಲೇ ಅಂದರು, “ಇಷ್ಟಕ್ಕೆ ಅಷ್ಟು ದೂರ ಹೋಗಿದ್ಯಾ ಬೇಟಾ? ಬೆಳಿಗ್ಗೆ ನಮ್ ನಲ್ಲಿ ಹತ್ರ ನಿಂತಿದ್ರೆ ಎರಡೂ ಸಿಗ್ತಿತ್ತು.”

ಅದಾಗಿ ಸ್ವಲ್ಪ ದಿನಕ್ಕೆ ಅವರ ಮನೆಯೇ ಕದಡಿಹೋಯಿತು. ಮಗಳನ್ನು ಕೇಳದೆ ಖಾಲಾ ಒಂದು ಸಂಬಂಧಕ್ಕೆ ಮಾತು ಕೊಟ್ಟುಬಿಟ್ಟಿದ್ದರು. ಆಪಾ ಆಗಲ್ಲ ಅಂದಳು. ಕೂಗಾಟವಾಯಿತು. ಬಟ್ಟೆ ತುಂಬಿಕೊಂಡು ಕೆ.ಆರ್. ಪುರದ ಸೋದರಮಾವನ ಮನೆಗೆ ಹೊರಟುಹೋದಳು. ಆ ಸಂಬಂಧವೂ ಮುರಿದುಬಿತ್ತು, ಜಗಳಕ್ಕೆ ಕಾರಣವೇ ಉಳಿಯಲಿಲ್ಲ. ಆದರೂ ಇಬ್ಬರಲ್ಲಿ ಒಬ್ಬರೂ ಫೋನ್ ಮಾಡಲಿಲ್ಲ.

“ನೀವೇ ಮಾಡ್ಬಿಡಿ ಖಾಲಾ,” ಅನ್ನುತ್ತಿದ್ದೆ.

“ಈಗ ಮಾತಾಡಿದ್ರೆ ಮತ್ತೆ ಟ್ರಬಲ್. ಅವಳಿಗೆ ಇನ್ನೂ ಕೋಪ ಇದೆ. ಎಲ್ಲಾ ತಳಕ್ಕೆ ಕೂತ್ಕೊಳ್ಳಲಿ.”

“ಕೂತಿದ್ಯೋ ಇಲ್ವೋ ಇಲ್ಲಿಂದ ಹೆಂಗ್ ಗೊತ್ತಾಗತ್ತೆ?”

“ಚುಪ್! ಬಂದ್ಬಿಟ್ಟ ಪಂಡಿತ.”

ರಂಜಾನ್ ಬಂತು, ಹೋಯಿತು. ಖಾಲಾ ಮಗಳ ಪಾಲಿನ ಶೀರ್ ಖುರ್ಮಾ ಪಾಯಸವನ್ನು ಸಂಜೆಯವರೆಗೆ ಮುಚ್ಚಿಟ್ಟು, ಆಮೇಲೆ ನನ್ನ ಕೈಗೆ ಕೊಟ್ಟರು. ಹೇಳಿ ಹೇಳಿ ನನಗೂ ಸುಸ್ತಾಗಿತ್ತು, ಹೇಳುವುದನ್ನೇ ಬಿಟ್ಟೆ... ಒಂದು ಮಧ್ಯಾಹ್ನ ಹೊಲಿಗೆ ಮಷೀನಿನ ಮುಂದೆಯೇ ಖಾಲಾ ಕುಸಿದರು. ಆಪಾಳ ಆಟೋ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಎಲ್ಲರೂ ಹೋದ ಮೇಲೆ ಆಪಾ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತಳು.

“ಅಮ್ಮಿ ನನ್ನ ಬಗ್ಗೆ ಕೇಳ್ತಿದ್ರೇನೋ?”

“ದಿನಾ. ನಿನ್ನ ಕೋಪ ಇಳೀಲಿ ಅಂತ ಕಾಯ್ತಿದ್ರು.”

“ನನ್ನ ಕೋಪ ಅವತ್ತು ಬಸ್ಸಲ್ಲೇ ಇಳಿದಿತ್ತು ಕಣೋ. ಅವರದ್ದು ಇಳೀಲಿ ಅಂತ ನಾನು ಕಾಯ್ತಿದ್ದೆ.”

ಆಪಾ ಈಗ ಮದುವೆಯಾಗಿ ಲಿಂಗರಾಜಪುರದಲ್ಲಿದ್ದಾಳೆ. ಮೊನ್ನೆ ಕಟಿಂಗ್ ಶಾಪಿನಿಂದ ಹೊರಗೆ ಬಂದವನೇ ಅವಳಿಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದಳು. ಯಾರು ಮಾಡಿದರೂ ಈಗ ಹಾಗೆಯೇ ಎತ್ತುತ್ತಾಳಂತೆ.

“ಏನೋ ವಿಷಯ?”

“ಏನಿಲ್ಲ ಆಪಾ, ಸುಮ್ನೆ.”

ಟ್ರಾಫಿಕ್ಕು, ಸೆಕೆ, ಮಕ್ಕಳ ಪರೀಕ್ಷೆ ಎಲ್ಲ ಆಯಿತು. ಇನ್ನೇನು ಇಡಬೇಕು ಅನ್ನುವಾಗ ಅವಳ ದನಿ ಇಳಿಯಿತು.

“ಹೋದ ವಾರ ಅಮ್ಮಿ ನಂಬರ್ ಒತ್ತಿಬಿಟ್ಟೆ ಕಣೋ... ಆ ನಂಬರ್ ಈಗ ಬೇರೆ ಯಾರಿಗೋ ಕೊಟ್ಟಿದ್ದಾರೆ, ತಮಿಳಲ್ಲಿ ಯಾರು ಬೇಕು ಅಂದ್ರು.”