ಗಿರಿಜಮ್ಮ ಸೊಸೆಯನ್ನು ನೋಡುವ ರೀತಿ

ಹದಿನೆಂಟು ಇಂಚು ಅಗಲ, ಇಪ್ಪತ್ನಾಲ್ಕು ಇಂಚು ಎತ್ತರದ ಕ್ಯಾನ್ವಾಸ್ ಬಸ್ಸಿನಲ್ಲಿ ಸಾಮಾನಿಡುವ ಜಾಗದಲ್ಲಿ ಹಿಡಿಸಲಿಲ್ಲ. ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ್ದ ಅದನ್ನು ಮೊಣಕಾಲ ಮೇಲೆ ನಿಲ್ಲಿಸಿಕೊಂಡೆ. ಶಿಕಾರಿಪುರದ ನಿಲ್ದಾಣ ಬಿಟ್ಟಾಗ ಒಂಬತ್ತೂಕಾಲು.

"ಕನ್ನಡಿ ಏನ್ರಿ ಮೇಡಂ? ಒಡೆದ್ರೆ ನಮ್ಮನ್ನ ಕೇಳಬ್ಯಾಡ್ರಿ," ಎಂದರು ಕಂಡಕ್ಟರ್. ನನಗೆ ಮಹಿಳೆಯರ ಉಚಿತ ಟಿಕೆಟ್, ಕ್ಯಾನ್ವಾಸಿಗೆ ಲಗೇಜಿನ ದುಡ್ಡು. "ಇದಕ್ಕೂ ಆಧಾರ್ ಕಾರ್ಡ್ ಇದ್ದಿದ್ರೆ ಫ್ರೀ ಬಿಡ್ತಿದ್ದೆ ನೋಡ್ರಿ."

ಶಿರಾಳಕೊಪ್ಪದಲ್ಲಿ ಹತ್ತು ನಿಮಿಷ ನಿಂತು, ಸೊರಬ ತಲುಪುವಾಗ ಬಿಸಿಲು ಚುರುಗುಟ್ಟುತ್ತಿತ್ತು. ಅಲ್ಲಿಂದ ಹೊಸಬಾಳೆಗೆ ಆಟೋ ಹಿಡಿದೆ.

ನನ್ನನ್ನು ಕರೆಸಿದ್ದವಳು ಸವಿತಾ. ಎಂ.ಎ. ಓದುವಾಗ ಹಾಸ್ಟೆಲಿನಲ್ಲಿ ನಾವಿಬ್ಬರೂ ಒಂದೇ ಕೋಣೆ. ಈಗ ಅವಳಿಗೆ ಮದುವೆಯಾಗಿ ಐದು ವರ್ಷ. ಸೊರಬದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿತ್ತು, ಸೋಮವಾರ ಹಾಜರಾಗಬೇಕಿತ್ತು. ಗಂಡ "ಅಮ್ಮ ಹೂಂ ಅಂದ್ರೆ ಸರಿ" ಎಂದು ಕೈತೊಳೆದುಕೊಂಡಿದ್ದ. ಅಮ್ಮ ಹೂಂ ಎಂದಿರಲಿಲ್ಲ. "ಅತ್ತೆಗೆ ಅರವತ್ತು ತುಂಬುತ್ತೆ. ಒಂದು ಚಂದದ ಚಿತ್ರ ಬರ್ಕೊಡೆ, ಸ್ವಲ್ಪ ತಣ್ಣಗಾಗ್ತಾರೆ," ಎಂದು ಫೋನಿನಲ್ಲಿ ಹೇಳಿದ್ದಳು.

ಅತ್ತೆ ಗಿರಿಜಮ್ಮ ಹಸಿರು ಸೀರೆ ಉಟ್ಟು ಸಿದ್ಧರಾಗಿದ್ದರು. ನಾನು ಯಾರದೇ ಮುಖ ಬರೆಯುವಾಗ ಎದುರಿಗೆ ಅವರ ಮನೆಯವರೊಬ್ಬರನ್ನು ಕೂರಿಸಿ ಮಾತಿಗೆ ಬಿಡುತ್ತೇನೆ. ನನ್ನನ್ನೇ ನೋಡುತ್ತಿದ್ದರೆ ಎಲ್ಲರದೂ ಪಾಸ್‌ಪೋರ್ಟ್ ಫೋಟೋದ ಮುಖವಾಗುತ್ತದೆ. ಅಭ್ಯಾಸದಂತೆ ಸವಿತಾಳನ್ನು ಕೂರಿಸಿದೆ. ಅದು ತಪ್ಪೆಂದು ತಿಳಿಯಲು ಅರ್ಧ ಗಂಟೆ ಹಿಡಿಯಿತು.

"ಅತ್ತೆ, ಅಡಿಗೆ ಬೆಳಿಗ್ಗೇನೇ ಮುಗಿಸಿ ಹೋಗ್ತೀನಿ."

"ನಾನೆಲ್ಲಿ ಅಡಿಗೆ ಕೇಳ್ದೆ? ನೀ ಬರೋಕೆ ಮುಂಚೆ ನಾವೇನು ಉಪವಾಸ ಇದ್ವಾ?"

"ಹಂಗಲ್ಲ ಅತ್ತೆ."

"ಮಾತಾಡು, ಮಾತಾಡು. ನಿನ್ನ ಗೆಳತಿ ಬರೀಬೇಕಲ್ಲ."

ಅವರ ಬಾಯಿ ನಗುತ್ತಿತ್ತು. ಕಣ್ಣು ಮಾತ್ರ, ಗುರುತಿಲ್ಲದವರು ಬಾಗಿಲಿಗೆ ಬಂದು ನಿಂತಾಗ ನೋಡುವಂತೆ, ಸವಿತಾಳನ್ನು ಅಳೆಯುತ್ತಿತ್ತು. ಕಂಡದ್ದನ್ನು ಬರೆದೆ. ನಡುವೆ ಅಕ್ಕಿರೊಟ್ಟಿ, ಬದನೆಕಾಯಿ ಪಲ್ಯದ ಊಟವಾಯಿತು. ಮತ್ತೆ ಕೂತು ನಾಲ್ಕರವರೆಗೆ ಬರೆದೆ.

ಗಿರಿಜಮ್ಮ ಹಸುವಿಗೆ ನೀರಿಡಲು ಎದ್ದಾಗ ಸವಿತಾ ಬಂದು ನೋಡಿದಳು.

"ಕಣ್ಣು ಸ್ವಲ್ಪ ಮೆತ್ತಗೆ ಮಾಡೆ. ಅವರಿದನ್ನ ನೋಡಿದ್ರೆ ಕಾಲೇಜಿನ ಕಥೆ ಮುಗೀತು."

ಎರಡು ಗೆರೆ ಸಾಕಿತ್ತು. ಕುಂಚ ಎತ್ತಿದೆ. ಅಷ್ಟರಲ್ಲಿ ಗಿರಿಜಮ್ಮ ಒಳಗೆ ಬಂದು, ಸೆರಗಿನಲ್ಲಿ ಕೈ ಒರೆಸುತ್ತ ಕ್ಯಾನ್ವಾಸಿನ ಮುಂದೆ ನಿಂತರು.

"ನಾನು ಇವಳನ್ನ ನೋಡೋದು ಹಿಂಗಾ?"

ಸವಿತಾ ನೆಲ ನೋಡುತ್ತಿದ್ದಳು. ನಾನು ಹೌದೆಂದೆ.

ಗಿರಿಜಮ್ಮ ಬಗ್ಗಿ ಚಿತ್ರದ ಕಣ್ಣುಗಳನ್ನು ಹತ್ತಿರದಿಂದ ನೋಡಿದರು. "ನಾಳೆ ನಾನು ಕೂತ ಜಾಗದಲ್ಲಿ ಇವಳು ಕೂರ್ಲಿ. ನಾನು ಎದುರಿಗೆ ಕೂತ್ಕಳ್ತೀನಿ. ಇವಳು ನನ್ನ ಹೆಂಗೆ ನೋಡ್ತಾಳೆ ಅಂತ ನಂಗೂ ಗೊತ್ತಾಗ್ಬೇಕಲ್ಲ. ಆಮೇಲೆ ಕಾಲೇಜಿನ ಮಾತು."

ಸಂಜೆಯ ಬಸ್ಸಿಗೆ ಹೋಗದೆ ಅಲ್ಲೇ ಉಳಿದೆ. ನಲ್ಲಿಯ ಹತ್ತಿರ ಕುಂಚ ತೊಳೆಯುತ್ತಿದ್ದಾಗ ಸವಿತಾ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು.

"ನಾಳೆ ನಿನಗೆ ಕಂಡ ಹಾಗೆ ಬರೀಬೇಡ."

"ಮತ್ತೆ ಹೇಗೆ ಬರೀಲಿ?"

"ಸೊಸೆ ಥರ ಬರಿ."

ಹಾಸ್ಟೆಲಿನಲ್ಲಿ ಎರಡು ವರ್ಷ ಎದುರು ಮಂಚದಲ್ಲಿ ಮಲಗಿದ್ದವಳ ಮುಖವನ್ನು ಒಮ್ಮೆಯೂ ಬರೆದಿರಲಿಲ್ಲ ಎಂಬುದು ಆಗ ಹೊಳೆಯಿತು.

ಮರುದಿನ ಏಳೂವರೆಗೆ ಇಬ್ಬರೂ ಜಾಗ ಬದಲಿಸಿ ಕೂತರು. ಇನ್ನೊಂದು ಕ್ಯಾನ್ವಾಸ್ ಇಲ್ಲದ್ದರಿಂದ ಹಲಗೆಗೆ ಕಾಗದ ಸಿಕ್ಕಿಸಿದೆ. ಗಿರಿಜಮ್ಮ ಮಾತು ತೆಗೆಯುವ ಮೊದಲೇ, ಸವಿತಾ ಕೂದಲು ಸರಿಮಾಡಿಕೊಂಡು ತಲೆ ಎತ್ತುತ್ತಿದ್ದಂತೆ, ನಾನು ಅವಳ ಕಣ್ಣುಗಳನ್ನು ಕಂಡ ಹಾಗೆಯೇ ಬರೆಯತೊಡಗಿದೆ.