ಏನೂ ಮಾಡದ ಹನುಮಕ್ಕ

ದಾವಣಗೆರೆಯಿಂದ ಬಂದ ಮೊಮ್ಮಗಳು ಊಟದ ಮೇಜಿನ ಮೇಲೆ ಒಂದು ಹಾಳೆ ಇಟ್ಟಿದ್ದಳು. ಗುಲಾಬಿ ಬಣ್ಣದ ನುಣುಪು ಕಾಗದ, ಮೂಗಿನ ಹತ್ತಿರ ಹಿಡಿದರೆ ಹೊಸ ಪಠ್ಯಪುಸ್ತಕದ ವಾಸನೆ. ಮೂವತ್ತೈದು ವರ್ಷ ಮೇಷ್ಟ್ರಾಗಿದ್ದವನು ನಾನು. ಅಚ್ಚಾದದ್ದು ಏನು ಕಂಡರೂ ಓದದೆ ಬಿಡುವವನಲ್ಲ, ಉಪ್ಪಿನಕಾಯಿ ಸೀಸೆಯ ಚೀಟಿಯನ್ನೂ ಕೊನೆಯ ಸಾಲಿನವರೆಗೆ ಓದುತ್ತೇನೆ. ಹಾಗೆಯೇ ಇದನ್ನೂ ಓದಿದೆ. ಮೊಮ್ಮಗಳು ಈಗ ಐದು ತಿಂಗಳ ಬಸುರಿ. ಹೆರಿಗೆ ಮುಗಿಯುವವರೆಗೆ ಜೊತೆಗಿರಲು ಡೂಲಾ ಎಂಬ ಒಬ್ಬ ಹೆಂಗಸನ್ನು ಗೊತ್ತುಮಾಡಿಕೊಳ್ಳುವ ಯೋಚನೆ ಅವಳದು. ಹಾಳೆಯಲ್ಲಿ ಬರೆದಿದ್ದುದು ಇಷ್ಟು: ಡೂಲಾ ಔಷಧಿ ಕೊಡುವುದಿಲ್ಲ, ತಪಾಸಣೆ ಮಾಡುವುದಿಲ್ಲ, ಹೆರಿಗೆ ಮಾಡಿಸುವುದಿಲ್ಲ.

"ಇದೇನಮ್ಮ, ಮಾಡದೇ ಇರೋ ಕೆಲಸದ ಪಟ್ಟೀನೇ ಐತಲ್ಲ? ಮಾಡೋ ಕೆಲಸ ಯಾವುದು?" ಎಂದೆ.

"ಜೊತೆಗಿರೋದೇ ಕೆಲಸ ಅಜ್ಜ. ಅಮ್ಮ ಬೇಡವೇ ಬೇಡ ಅಂತಿದಾಳೆ. ನಾನಿದೀನಿ, ಅಜ್ಜಿ ಇದಾಳೆ, ಹೊರಗಿನೋರು ಯಾಕೆ ಅಂತಾಳೆ. ನೀನು ಹೇಳಿದ್ರೆ ಕೇಳ್ತಾಳೆ, ಯೋಚನೆ ಮಾಡಿ ಹೇಳು" ಎಂದಳು.

ಅವಳ ಅಮ್ಮ ಎಂದರೆ ನನ್ನ ಹಿರಿಯ ಮಗಳು. ಆ ಮಗಳು ಹುಟ್ಟುವ ಮೊದಲು ನಾನು ಇದೇ ಪ್ರಶ್ನೆಯನ್ನು ಕೇಳಿದ್ದೆ ಎಂಬುದು ಹಾಳೆಯನ್ನು ಎರಡನೇ ಸಲ ಓದುವಾಗ ನೆನಪಾಯಿತು. ಉತ್ತರ ಆಗಲೂ ನನಗೆ ಅರ್ಥವಾಗಿರಲಿಲ್ಲ. ನಿಮಗೇನಾದರೂ ಅರ್ಥವಾಗುತ್ತದೆಯೋ ನೋಡಿ.

ಎಪ್ಪತ್ತರ ದಶಕದ ಕೊನೆ. ಗೋವಿನಕೋವಿಯ ಪ್ರಾಥಮಿಕ ಶಾಲೆಯಲ್ಲಿ ನನ್ನ ಮೊದಲ ನೌಕರಿ. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಿರಿಜ ಬಸುರಿಯಾದಳು. ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗಬೇಕು ತಾನೆ? ಅವಳ ತವರು ಜಗಳೂರಿನ ಹತ್ತಿರ. ಅಲ್ಲಿ ಇದ್ದವರು ಅಪ್ಪ ಮತ್ತು ಇಬ್ಬರು ಅಣ್ಣಂದಿರು, ರೊಟ್ಟಿಯನ್ನೂ ತಾವೇ ತಟ್ಟಿಕೊಳ್ಳುತ್ತಿದ್ದ ಮನೆ. ಕತ್ತಲಗೆರೆಯಲ್ಲಿದ್ದ ನನ್ನ ತಾಯಿ ಜಾರಿಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದರು. ನಾನಂತೂ ಚಿಂತೆಯನ್ನೇ ಮಾಡಿರಲಿಲ್ಲ. ಹೊನ್ನಾಳಿಯಲ್ಲಿ ಹೆರಿಗೆ ಆಸ್ಪತ್ರೆ ಇದೆ, ಬಸ್ಸು ಇದೆ, ಇನ್ನೇನು ಬೇಕು ಎಂದುಕೊಂಡಿದ್ದೆ.

ಒಂದು ದಿನ ಗಿರಿಜ ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಕೂತಿದ್ದವಳು ತಲೆ ಎತ್ತದೆ ಅವಳ ತಾಯಿಯ ಸುದ್ದಿ ಹೇಳಿದಳು. ತಾಯಿ ತೀರಿಹೋಗಿದ್ದು ಹೆರಿಗೆಯಲ್ಲಿ ಎಂದು ನನಗೆ ಗೊತ್ತಿತ್ತು. ಆಗ ಆರು ವರ್ಷದ ಇವಳನ್ನು ಉಡಿಯಲ್ಲಿ ಮಂಡಕ್ಕಿ ಹಾಕಿ ಬಾಗಿಲ ಹೊರಗೆ ಕೂರಿಸಿದ್ದರು ಎಂಬುದು ಗೊತ್ತಿರಲಿಲ್ಲ. ಒಳಗಿನ ನರಳಾಟವೆಲ್ಲ ಕೇಳಿಸುತ್ತಿತ್ತಂತೆ. ಆಮೇಲೆ ನಿಂತುಹೋಯಿತಂತೆ.

"ಆಸ್ಪತ್ರೆ ಬ್ಯಾಡ ಅನ್ನಲ್ಲ. ಡಾಕ್ಟ್ರಮ್ಮ ಇರ್ಲಿ. ಆದ್ರೆ ಒಳಗೆ ನನ್ನ ಪಕ್ಕ ಒಬ್ರು ಇರ್ಬೇಕು ರೀ, ಮೊದ್ಲಿಂದ ಕೊನೇತನಕ. ನಡುವೆ ಎದ್ದು ಹೋಗಬಾರದು. ಅಂಥೋರು ಒಬ್ರನ್ನ ನೋಡ್ರಿ" ಎಂದಳು.

"ನಾನೇ ಇರ್ತೀನಲ್ಲ?" ಎಂದೆ. ತಪ್ಪು ಲೆಕ್ಕ ಮಾಡಿ ತಂದ ಹುಡುಗನನ್ನು ನಾನು ನೋಡುತ್ತಿದ್ದ ಹಾಗೆ ಅವಳು ನನ್ನನ್ನು ನೋಡಿದಳು. ಗಂಡಸರನ್ನು ಆಗ ಪಡಸಾಲೆ ದಾಟಿ ಒಳಗೆ ಬಿಡುತ್ತಿದ್ದವರು ಯಾರು?

ಊರಿನಲ್ಲಿ ಹನುಮಕ್ಕ ಎಂಬ ಸೂಲಗಿತ್ತಿ ಇದ್ದಳು. ನನ್ನ ತರಗತಿಯ ಹುಡುಗರಲ್ಲಿ ಅರ್ಧಕ್ಕರ್ಧ ಮಂದಿ ಅವಳ ಕೈಯಲ್ಲೇ ಹುಟ್ಟಿದವರು. ಅವಳನ್ನು ಕರೆಯುವ ಕ್ರಮ ಏನು ಎಂದು ನಮ್ಮ ಹೆಡ್ ಮೇಷ್ಟ್ರನ್ನು ಕೇಳಿದೆ. ಅವರಿಗೆ ಐವತ್ತು ದಾಟಿತ್ತು, ಮದುವೆಯಾಗಿರಲಿಲ್ಲ, ಗೊತ್ತಿಲ್ಲ ಎಂಬ ಮಾತನ್ನು ಅವರ ಬಾಯಿಂದ ಯಾರೂ ಕೇಳಿರಲಿಲ್ಲ. "ಬರೀ ಕೈಯಾಗೆ ಹೋಗಬಾರದು ಕಣ್ರೀ. ಹೊಸ ಮೊರದಾಗೆ ಅಕ್ಕಿ, ಬೆಲ್ಲ, ಕುಬಸದ ಕಣ, ಎಲೆ ಅಡಿಕೆ ಇಟ್ಟು ಕೊಡಬೇಕು. ಸೂಲಗಿತ್ತೀಗೆ ಮರ್ಯಾದೆ ಅದು" ಎಂದರು. ನಾನು ನ್ಯಾಮತಿ ಸಂತೆಗೆ ಹೋಗಿ, ಹತ್ತು ಮೊರ ಬಡಿದು ನೋಡಿ, ಒಂದನ್ನು ಆರಿಸಿ ತಂದೆ. ಗಿರಿಜಳಿಗೆ ಹೇಳಲಿಲ್ಲ. ಕೆಲಸ ಮುಗಿಸಿಕೊಂಡು ಬಂದೇ ಹೇಳೋಣ ಎಂಬ ಜಂಬ.

ಹನುಮಕ್ಕ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ತುಂಬಿದ ಮೊರ ಹಿಡಿದು ಬರುತ್ತಿರುವ ನನ್ನನ್ನು ಕಂಡವಳೇ ಎದ್ದು ನಿಂತಳು. ಮುಖ ಅರಳಿತು.

"ಆತಾ ಮೇಷ್ಟ್ರೇ? ಯಾವಾಗ ಆತು? ಯಾರು ಮಾಡಿಸಿದ್ರು?"

"ಏನು?"

"ಹೆರಿಗೆ ಕಣ್ರೀ!"

"ಇಲ್ಲಪ್ಪ, ಈಗಿನ್ನೂ ಐದು ತಿಂಗಳು."

ಅವಳು ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡುಬಿಟ್ಟಳು. ವಿಷಯ ಏನೆಂದರೆ, ಹೆಡ್ ಮೇಷ್ಟ್ರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೆ ಆ ಮೊರ ಕೊಡುವುದು ಹೆರಿಗೆಯಾದ ಹನ್ನೊಂದನೇ ದಿನ, ತಾಯಿಗೂ ಮಗುವಿಗೂ ನೀರೆರೆದಾದ ಮೇಲೆ. ಅದು ಬೀಳ್ಕೊಡುಗೆ. ಸೂಲಗಿತ್ತಿ ಅದನ್ನು ಕೈಯಲ್ಲಿ ಹಿಡಿದಳೆಂದರೆ ಆ ಮನೆಯಲ್ಲಿ ಅವಳ ಕೆಲಸ ತೀರಿತು ಎಂದು ಅರ್ಥ.

"ಕಳಿಸಿಕೊಡೋ ಮೊರಾನ ಕರೆಯಾಕೆ ತಂದ್ರೆ ನಾನು ಹೆಂಗ್ರಿ ಬರ್ಲಿ? ಇನ್ನೂ ಹುಟ್ಟದೇ ಇರೋ ಕೂಸು ಅದು, ಬಿಡ್ತು ಅನ್ರಿ! ಅದೂ ಅಲ್ದೆ ನಾನೀಗ ಹೆರಿಗೆ ಮಾಡ್ಸಾದು ಬಿಟ್ಟೀನಿ. ಕೈ ನಡುಗ್ತವೆ, ನೋಡ್ರಿ ಇಲ್ಲಿ" ಎಂದು ಹಿಂದಿದ್ದ ಕೈಗಳನ್ನು ಒಮ್ಮೆ ಮುಂದೆ ತಂದು ತೋರಿಸಿದಳು. ನಿಜವಾಗಿಯೂ ನಡುಗುತ್ತಿದ್ದವು.

ಬಂದ ದಾರಿಯಲ್ಲೇ ಹಿಂದಿರುಗಿದೆ. ಆ ಮೊರ ಏನೆಂದು ಊರಿಗೆಲ್ಲ ಗೊತ್ತಿತ್ತು, ನನಗೊಬ್ಬನಿಗೆ ಗೊತ್ತಿರಲಿಲ್ಲ. "ಏನ್ ಮೇಷ್ಟ್ರೇ, ಗಂಡೋ ಹೆಣ್ಣೋ?" ಎಂದು ಬಾವಿಕಟ್ಟೆಯಿಂದ ಒಬ್ಬರು ಕೂಗಿದರು. ಗಾಬರಿಯಲ್ಲಿ "ಇನ್ನೂ ಗೊತ್ತಾಗಿಲ್ಲ" ಎಂದುಬಿಟ್ಟೆ. ಎಂಥ ಉತ್ತರ! ನಾನು ಮನೆ ಸೇರಿದ ಸ್ವಲ್ಪ ಹೊತ್ತಿಗೆ ಇಬ್ಬರು ಹೆಂಗಸರು ಬಾಣಂತಿಗೆಂದು ಸಬ್ಬಸಿಗೆ ಸೊಪ್ಪು ಹಿಡಿದುಕೊಂಡು ಬಂದರು. ಬಾಗಿಲು ತೆರೆದವಳು ಹೊಟ್ಟೆ ಹೊತ್ತ ಗಿರಿಜಳೇ.

ಅವಳು ನಗಬಹುದು ಎಂದುಕೊಂಡಿದ್ದೆ. ನಗಲಿಲ್ಲ, ಹೆದರಿದಳು. ಮೊರವನ್ನು ಮೂಲೆಗಿಟ್ಟು, ಅದರ ಕಡೆ ಬೆನ್ನು ಮಾಡಿ ಮಲಗಿದಳು. ನನಗೆ ಆಗ ನನ್ನ ಮೇಲೆ ಬಂದಷ್ಟು ಸಿಟ್ಟು ಹೆಡ್ ಮೇಷ್ಟ್ರ ಮೇಲೆ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಗಿರಿಜ ಬರಿಗೈಯಲ್ಲಿ ತಾನೇ ಹನುಮಕ್ಕನ ಮನೆಗೆ ಹೊರಟಳು. ನಾನು ಹಿಂದಿನಿಂದ, ಹತ್ತು ಮಾರು ದೂರದಲ್ಲಿ. ಅವಳು ಹೋಗಿ ಕಟ್ಟೆಯ ಮೇಲೆ ಕೂತು ಹೇಳಿದ್ದು ಎರಡೇ ಮಾತು.

"ನೀವು ಕೂಸು ಹಿಡೀಬ್ಯಾಡ್ರಿ, ನರ್ಸಮ್ಮ ಹಿಡೀತಾರೆ. ನೀವು ನನ್ನ ಹಿಡ್ಕಳ್ರಿ."

ಹನುಮಕ್ಕ ಅವಳ ಪಕ್ಕ ಬಂದು ಕೂತಳು. "ಸೋಮವಾರ ಬರ್ತೀನಿ ನಡಿಯವ್ವ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಮೇಷ್ಟ್ರೇ, ಆ ಅಕ್ಕಿ ಬೇಯ್ಸಿ ಇಬ್ರೂ ಉಣ್ರಿ. ಮೊರಾನ ದಿನಾ ಬಳಸ್ರಿ. ಮನೆ ಮೊರ ಆತಂದ್ರೆ ದೋಷ ಇಲ್ಲ" ಎಂದು ಪರಿಹಾರವನ್ನೂ ಕೊಟ್ಟಳು.

ಅಲ್ಲಿಂದ ಪ್ರತಿ ಸೋಮವಾರ ಬರತೊಡಗಿದಳು. ನಾವಿದ್ದುದು ಬಾಡಿಗೆ ಮನೆ. ಹೆರಿಗೆಯ ದಿನ ಬಂದುಹೋಗಬೇಕಾದ ಕೇರಿಯ ಹೆಂಗಸು ವಾರವಾರವೂ ಒಳಮನೆಗೆ ಯಾಕೆ ಬರುತ್ತಾಳೆ ಎಂದು ಮನೆಯ ಯಜಮಾನಿತಿ ಕೇಳಿದರು. ಅದರಲ್ಲಿ ತಪ್ಪೇನು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. "ಸರ್ಕಾರದ ಆರ್ಡರ್ ಆಗೈತೆ" ಎಂದೆ. ಅವರು ಸುಮ್ಮನಾದರು. ಈಗಲೂ ಆ ಸುಳ್ಳಿಗಿಂತ ಆ ಪುಕ್ಕಲುತನಕ್ಕೆ ನಾಚಿಕೆಯಾಗುತ್ತದೆ.

ಬಂದು ಏನು ಮಾಡುತ್ತಿದ್ದಳು ಎಂದು ಕೇಳಿದಿರೋ, ಅದೇ ನನ್ನ ಗೊಂದಲ. ಗಿರಿಜಳ ಅಂಗಾಲಿಗೆ ಹರಳೆಣ್ಣೆ ತಿಕ್ಕುತ್ತಿದ್ದಳು. ಅದು ಯಾರಾದರೂ ಮಾಡುವ ಕೆಲಸ. ಇಬ್ಬರೂ ನಾಲೆಯ ಏರಿಯ ಮೇಲೆ ನಡೆದು ಬರುತ್ತಿದ್ದರು. ಕನಸಿನಲ್ಲಿ ಏನು ಬಿತ್ತು ಎಂದು ಕೇಳುತ್ತಿದ್ದಳು. ಗಿರಿಜ ಹೇಳುತ್ತಿದ್ದಳು, ಹನುಮಕ್ಕ ಹೂಂಗುಡುತ್ತಿದ್ದಳು. ಒಂದು ಸೋಮವಾರ ಶಾಲೆಗೆ ರಜೆ ಇದ್ದುದರಿಂದ ನಾನು ಪತ್ರಿಕೆ ಅಡ್ಡ ಹಿಡಿದು ಇನ್ಸ್ಪೆಕ್ಷನ್ನಿಗೆ ಕೂತೆ. ಅರ್ಧ ಗಂಟೆ ಇಬ್ಬರೂ ತುಟಿ ಬಿಚ್ಚಲಿಲ್ಲ. ಹೊರಟು ನಿಂತವಳನ್ನು ತಡೆದು, "ಏನು ನೋಡಿದ್ರಿ ಹನುಮಕ್ಕ?" ಎಂದೆ.

"ಏನೂ ಇಲ್ರೀ."

"ಮತ್ತೆ ಇಷ್ಟೊತ್ತು ಏನು ಮಾಡಿದ್ರಿ?"

"ಕುಂತಿದ್ದೆ" ಎಂದು ಸೆರಗು ಕೊಡವಿಕೊಂಡು ಹೋದಳು.

ನಾಡಿ ಹಿಡಿಯುವುದಿಲ್ಲ, ಕಷಾಯ ಕೊಡುವುದಿಲ್ಲ, ಹೆರಿಗೆಯನ್ನಂತೂ ಮಾಡಿಸುವುದಿಲ್ಲ. ಏನೂ ಮಾಡದವಳು ಯಾಕೆ ಬರುತ್ತಾಳೆ? ಅಷ್ಟು ಪಾಡುಪಟ್ಟು ಕರೆದದ್ದು ಸರಿಯಾದವರನ್ನೋ ಅಲ್ಲವೋ ಎಂಬ ಸಂಶಯ ನನಗೆ. ಗಿರಿಜ ಮಾತ್ರ ಭಾನುವಾರವೇ ತಲೆ ಬಾಚಿಕೊಂಡು ಸೋಮವಾರಕ್ಕೆ ಕಾಯುತ್ತಿದ್ದಳು.

ನೋವು ಶುರುವಾದದ್ದು ಒಂದು ಗುರುವಾರ ಬೆಳಿಗ್ಗೆ. ಹನುಮಕ್ಕನಿಗೆ ಹೇಳಿ ಕಳಿಸಿ, ಮೂವರೂ ಹೊನ್ನಾಳಿ ಬಸ್ಸು ಹತ್ತಿದೆವು. ಹೆರಿಗೆಗೆಂದು ತಿಂಗಳ ಹಿಂದೆಯೇ ಹಳೆಯ ಸೀರೆ ತುಂಡುಗಳನ್ನು ತುಂಬಿಟ್ಟಿದ್ದ ಚೀಲವನ್ನು ಹೊತ್ತುಕೊಂಡು ಬಂದೆ ಎಂದುಕೊಂಡಿದ್ದೆ. ಇಳಿದು ನೋಡಿದರೆ ಅದರಲ್ಲಿ ಏಳನೇ ತರಗತಿಯ ಸಮಾಜ ಪರಿಚಯದ ಉತ್ತರಪತ್ರಿಕೆಗಳು. ಹನುಮಕ್ಕ ಇಣುಕಿ ನೋಡಿ, ಚೀಲವನ್ನು ನನ್ನ ಹೆಗಲಿಗೇ ವಾಪಸು ಹಾಕಿದಳು.

ಒಬ್ಬ ಡಾಕ್ಟರಮ್ಮ ನಡೆಸುತ್ತಿದ್ದ ನಾಲ್ಕು ಮಂಚದ ಪುಟ್ಟ ಆಸ್ಪತ್ರೆ ಅದು. ಬಾಗಿಲಲ್ಲಿ ನರ್ಸಮ್ಮ ತಡೆದರು. "ಒಳಗೆ ಒಬ್ರೇ. ತಾಯಿ ಇದ್ರೆ ತಾಯಿ, ಇಲ್ಲಾ ಅತ್ತೆ. ಸೂಲಗಿತ್ತೀರನ್ನ ಬಿಡಂಗಿಲ್ಲ. ನೀವು ಯಾರಾಗಬೇಕಮ್ಮ?"

ಗಿರಿಜ ಹನುಮಕ್ಕನ ರಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡಳು. ಹನುಮಕ್ಕ ರೆಪ್ಪೆ ಕೂಡ ಬಡಿಯದೆ "ತಾಯಿ" ಎಂದಳು.

ನನ್ನ ಮೇಷ್ಟ್ರು ಬುದ್ಧಿ ಎಲ್ಲಿ ಹೋಗಬೇಕು? ತಪ್ಪು ಕೇಳಿಸಿದರೆ ತಿದ್ದಲು ಬಾಯಿ ತಾನಾಗಿಯೇ ತೆರೆದುಕೊಳ್ಳುತ್ತದೆ. "ಅಲ್ಲ, ಇವಳ ತಾಯಿ..." ಎಂದು ಶುರು ಮಾಡಿಯೂ ಬಿಟ್ಟೆ. ಗಿರಿಜ ನನ್ನನ್ನು ನೋಡಿದಳು. ಆ ನೋವಿನಲ್ಲೂ ಹಾಗೆ ನೋಡಲು ಅವಳಿಗೆ ಶಕ್ತಿ ಎಲ್ಲಿತ್ತೋ. "ಇವಳ ತಾಯಿ ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಒಂದು ಲೋಟ ಟೀ ಕೊಡಬಹುದಾ ಅಂತ" ಎಂದು ಮುಗಿಸಿದೆ. ನರ್ಸಮ್ಮ ಇಬ್ಬರನ್ನೂ ಒಳಗೆ ಬಿಟ್ಟು ಬಾಗಿಲು ಹಾಕಿಕೊಂಡರು.

ಹೊರಗಿನ ಬೆಂಚಿನ ಮೇಲೆ ನಾನು ಮತ್ತು ಉತ್ತರಪತ್ರಿಕೆಗಳು. ಸ್ವಲ್ಪ ಹೊತ್ತಿಗೆ ಗಿರಿಜಳ ಕೂಗು ಕೇಳಿಸತೊಡಗಿತು. "ಅವ್ವಾ" ಎನ್ನುತ್ತಿದ್ದಳು. ನಿಮಿಷ ಬಿಟ್ಟು ಮತ್ತೆ "ಅವ್ವಾ". ನಮ್ಮ ಕಡೆ ಎಲ್ಲರೂ ನೋವಿಗೆ ಕೂಗುವುದು ಹಾಗೆಯೇ, ನಾನೂ ಎಡವಿದರೆ ಹಾಗೆಯೇ ಅನ್ನುತ್ತೇನೆ. ಆದರೆ ಅವತ್ತು ಆ ಕೂಗು ಕೇಳಿದಾಗಲೆಲ್ಲ ಉಡಿಯಲ್ಲಿ ಮಂಡಕ್ಕಿ ಇಟ್ಟುಕೊಂಡು ಕೂತ ಆರು ವರ್ಷದ ಹುಡುಗಿ ಕಣ್ಣಿಗೆ ಕಟ್ಟುತ್ತಿದ್ದಳು. ಕೂಗು ನಿಂತರೆ ಅದಕ್ಕಿಂತ ಭಯ. ಒಳಗೆ ಹನುಮಕ್ಕ ಸುಮ್ಮನೆ ಕೂತಿರಬಹುದು, ಅವಳಿಗೆ ಬರುವುದು ಅದೊಂದೇ ತಾನೆ ಎಂದು ಸಿಟ್ಟೂ ಬಂತು. ಎರಡು ಸಲ ಬಾಗಿಲವರೆಗೆ ಹೋಗಿ, ತಟ್ಟಲಾರದೆ ವಾಪಸು ಬಂದೆ.

ಮಧ್ಯಾಹ್ನ ಊಟದ ಹೊತ್ತು ಮೀರಿದ ಮೇಲೆ ಮಗು ಅತ್ತಿತು. ಹೆಣ್ಣು, ಇಬ್ಬರೂ ಕ್ಷೇಮ ಎಂದು ನರ್ಸಮ್ಮ ಹೇಳಿದರು. ಅವರ ಹಿಂದೆ ಹನುಮಕ್ಕ ಬಂದು ಬೆಂಚಿನ ಮೇಲೆ ಕೂತಳು. ಏನು ಹೇಳಲು ಹೋದರೂ ಅವಳ ಗಂಟಲಿಂದ ದನಿ ಹೊರಡುತ್ತಿರಲಿಲ್ಲ, ಕಟ್ಟಿಹೋಗಿತ್ತು. "ಯಾಕೆ, ನರ್ಸಮ್ಮನ ಹತ್ರ ಜಗಳ ಆಯ್ತಾ?" ಎಂದೆ. ಅವಳು ಕೈಸನ್ನೆಯಲ್ಲೇ ನೀರು ಕೇಳಿದಳು. ತಂದುಕೊಟ್ಟೆ.

ಹನ್ನೊಂದನೇ ದಿನ ಬೇರೊಂದು ಹೊಸ ಮೊರ ತುಂಬಿ ಅವಳ ಕೈಗೆ ಕೊಟ್ಟೆವು. ಅದಾದ ಕೆಲವು ವರ್ಷಕ್ಕೆ ನನಗೆ ಚನ್ನಗಿರಿಗೆ ವರ್ಗವಾಯಿತು. ನಾವು ಅಲ್ಲಿರುವಾಗಲೇ ಹನುಮಕ್ಕ ತೀರಿಕೊಂಡ ಸುದ್ದಿ ಬಂತು. ಗಿರಿಜ ಆ ದಿನ ತಲೆಗೆ ನೀರು ಹಾಕಿಕೊಂಡಳು. ಸಂಬಂಧಿಕರಲ್ಲದವರಿಗೆ ಯಾಕೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಇಷ್ಟು ವರ್ಷ ಕೇಳದೇ ಇದ್ದದ್ದನ್ನು ಇವತ್ತು ಗುಲಾಬಿ ಹಾಳೆ ಕೈಯಲ್ಲಿ ಹಿಡಿದು ಹಿತ್ತಿಲಿಗೆ ಹೋಗಿ ಕೇಳಿದೆ. ಗಿರಿಜ ಒಣಗಿದ ಬಟ್ಟೆ ಮಡಚುತ್ತಿದ್ದಳು.

"ಅವತ್ತು ಒಳಗೆ ಹನುಮಕ್ಕ ಏನು ಮಾಡಿದ್ಲು?"

"ಏನೂ ಮಾಡ್ಲಿಲ್ಲ ರೀ" ಎಂದಳು. ಒಂದು ಲಂಗ ಮಡಚಿಟ್ಟಳು. "ನಾನು ಅವ್ವಾ ಅಂದಾಗೆಲ್ಲ ಕಿವಿ ಹತ್ರ ಬಾಗಿ ಓ ಅಂದ್ಲು. ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ. ಒಂದು ಸಲಾನೂ ತಪ್ಪಿಸ್ಲಿಲ್ಲ."

ನಾನು ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. "ಈ ಹುಡುಗೀಗೆ ಅವ್ವ ಅದಾಳೆ, ನೀನೂ ಅದೀಯ. ಇವಳಿಗೆ ಯಾಕೆ ಬೇರೆಯೋರು?" ಎಂದೆ.

"ಅವಳು ಕೂಗಾವಾಗ ನಮಗೆ ಓ ಅನ್ನಾಕೆ ಬಾಯಿ ಬರ್ತೈತಾ? ನಾವು ಅಳ್ತಾ ನಿಂತಿರ್ತೀವಿ. ಮಗಳಿಗೆ ನಾನೇ ಹೇಳ್ತೀನಿ, ಬರ್ಲಿ ಬಿಡ್ರಿ ಆಯಮ್ಮ" ಎಂದು ಬಟ್ಟೆ ಎತ್ತಿಕೊಂಡು ಒಳಗೆ ಹೋದಳು.

ನಾನು ಅಲ್ಲೇ ಕೂತಿದ್ದೇನೆ. ಕೂತು ಏನೂ ಮಾಡದೇ ಇರುವುದು ಎಷ್ಟು ದೊಡ್ಡ ಕೆಲಸವೋ ನನಗೆ ಇನ್ನೂ ಸರಿಯಾಗಿ ತಿಳಿದಿಲ್ಲ. ತಿಳಿದಿರುವುದು ಇಷ್ಟೇ. ಅವತ್ತು ಗಿರಿಜಳ ಒಂದೊಂದು ಕೂಗೂ ಬಾಗಿಲಾಚೆಯಿಂದ ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಈಚೆಯಿಂದ ನಾನೂ ಒಂದು ಸಲ ಓ ಅನ್ನಬಹುದಾಗಿತ್ತು.